ಪದಚರ್ಚೆ: ‘ಮಹರ್’ ಅಂದರೆ ಕನ್ಯಾಶುಲ್ಕವೇ?

ಗೆಳೆಯರೆ, ನಮಸ್ಕಾರ.

ಇಸ್ಲಾಮಿಗೆ ಮೊದಲಿನ ಸಮಾಜಗಳಲ್ಲಿ ಮತ್ತು ಇಸ್ಲಾಮಿನಲ್ಲಿ ಹೆಣ್ಣಿನ ಸ್ಥಾನ ಹೇಗಿತ್ತು ಅನ್ನುವ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮಹರ್’ ಪದದ ಹತ್ತಿರ, ಅಂದರೆ ಮುಸ್ಲಿಂ ಮದುವೆಯಲ್ಲಿ ಗಂಡ ಮದುಮಗಳಿಗೆ ಕೊಡಬೇಕಾದದ್ದರ ಹೆಸರಿನ ಹತ್ತಿರ, ಕೆಲಸ ನಿಂತಿದೆ. ನಮ್ಮ ಬರಹಗಳಲ್ಲಿ ಇದಕ್ಕೆ ವಧುದಕ್ಷಿಣೆ, ವಧುಧನ, ವಿವಾಹಧನ, ಕನ್ಯಾಶುಲ್ಕ ಅಂತ ಬೇರೆ ಬೇರೆ ಪದಗಳು ಕಾಣುತ್ತವೆ. ಇವುಗಳಲ್ಲಿ ಯಾವುದು ಸರಿ? ಉಳಿದವನ್ನು ಚರ್ಚೆ ಮಾಡೋಣ, ಆದರೆ ಕನ್ಯಾಶುಲ್ಕ ಮಾತ್ರ ಬೇಡವೇ ಬೇಡ ಅನ್ನುವುದು ನನ್ನ ವಾದ.

ಕನ್ಯಾಶುಲ್ಕ ಅಂದರೆ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಕೊಡುವ ಹಣ. ಕನ್ನಡದಲ್ಲಿ ಇದಕ್ಕೆ ‘ತೆರ’ ಅನ್ನುವ ಹಳೆಯ ಪದವೇ ಇದೆ. ತೆರ ಕೊಟ್ಟು ಹೆಣ್ಣು ತಂದರು ಅಂದಾಗ, ಆ ಹಣ ಹೆಣ್ಣಿನ ಕೈಗೆ ಬಂತು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಪಶ್ಚಿಮ ಏಷ್ಯಾದ ಹಳೆಯ ಸಮಾಜಗಳಲ್ಲೂ ಈ ಪದ್ಧತಿ ಇತ್ತು. ಕ್ರಿ.ಪೂ. 18ನೇ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲಿ ‘ತೆರ್ಹಾತುಮ್’ ಅನ್ನುವ ಹಣದ ಮಾತು ಬರುತ್ತದೆ. ಗಂಡು ಹಿಂದೆ ಸರಿದರೆ ಆ ಹಣ ಹೆಣ್ಣಿನ ತಂದೆಗೇ ಉಳಿಯುತ್ತದೆ. ತಂದೆಯೇ ಮಾತು ತಪ್ಪಿದರೆ ಎರಡರಷ್ಟು ವಾಪಸ್ ಕೊಡಬೇಕು. ಇಡೀ ವ್ಯವಹಾರ ಇಬ್ಬರು ಗಂಡಸರ ನಡುವಿನದು. ಹೀಬ್ರೂ ಬೈಬಲಿನ ‘ಮೋಹರ್’ ಕೂಡ ತಂದೆಗೇ ಸೇರುತ್ತಿತ್ತು. ಅರಬ್ಬಿಯ ಮಹರ್ ಅದೇ ಧಾತುವಿನ ಪದ. ಇಸ್ಲಾಮಿಗೆ ಮೊದಲು ಅರೇಬಿಯಾದಲ್ಲಿ ಮಹರ್ ಬಹುಮಟ್ಟಿಗೆ ಹೆಣ್ಣಿನ ‘ವಲಿ’ಗೆ, ಅಂದರೆ ತಂದೆಗೋ ಅಣ್ಣನಿಗೋ ಹೋಗುತ್ತಿತ್ತು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ.

ಈಗ ಕುರ್‌ಆನಿನ 4ನೇ ಅಧ್ಯಾಯದ 4ನೇ ವಚನ ನೋಡಿ. ಹೆಂಗಸರಿಗೆ ಅವರ ‘ಸದುಕಾತ್’ (ಮದುವೆಯ ಕೊಡುಗೆ, ಅಂದರೆ ನಾವು ಮಹರ್ ಅನ್ನುವುದೇ) ಅನ್ನು ಕೊಡುಗೆಯಾಗಿ ಕೊಡಿ ಅಂತ ಅದು ಹೇಳುತ್ತದೆ. ಅವರಾಗಿಯೇ ಮನಸಾರೆ ಅದರಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಮಾತ್ರ ನೀವು ಉಣ್ಣಬಹುದು ಅಂತಲೂ ಇದೆ. ಅಲ್ಲಿ ‘ಮಹರ್’ ಪದ ಇಲ್ಲವೇ ಇಲ್ಲ. ಇಡೀ ಕುರ್‌ಆನಿನಲ್ಲೇ ಇಲ್ಲ! ಒಂದು ಕಡೆ ‘ಸದುಕಾತ್’, ಒಂದು ಕಡೆ ‘ಉಜೂರ್’, ಇನ್ನೊಂದು ಕಡೆ ‘ಫರೀದಾ’ ಅಂತ ಬರುತ್ತದೆ. ಜನರ ಬಾಯಲ್ಲಿ ಮತ್ತು ಕಾನೂನಿನಲ್ಲಿ ಉಳಿದಿದ್ದು ಹಳೆಯ ಪದ. ಆದರೆ ಹಣ ಹೋಗುವ ಕೈ ಬದಲಾಗಿತ್ತು. ತಂದೆಯ ಕೈಗೆ ಅಲ್ಲ, ಮದುಮಗಳ ಕೈಗೆ. ನಾವು ಕನ್ಯಾಶುಲ್ಕ ಅಂತ ಬರೆದರೆ ಈ ಬದಲಾವಣೆಯೇ ಅಳಿಸಿಹೋಗುತ್ತದೆ, ಅಲ್ವಾ?

ಅದೇ ಅಧ್ಯಾಯದ 20ನೇ ವಚನ ಇನ್ನೂ ಗಟ್ಟಿ. ಹೆಂಡತಿಗೆ ರಾಶಿ ಹೊನ್ನು ಕೊಟ್ಟಿದ್ದರೂ ಅದರಲ್ಲಿ ಏನನ್ನೂ ವಾಪಸ್ ತಗೋಬೇಡಿ ಅನ್ನುತ್ತದೆ. ಖಲೀಫ ಉಮರ್ ಮಹರಿಗೆ ಮಿತಿ ಹಾಕಲು ಹೊರಟಾಗ ಒಬ್ಬ ಹೆಂಗಸು ಇದೇ ವಚನ ಹೇಳಿ ತಡೆದಳು ಅನ್ನುವ ಕಥೆ ಮುಸ್ಲಿಮರಲ್ಲಿ ತುಂಬಾ ಪ್ರಚಾರದಲ್ಲಿದೆ. ಗಂಡ ಮಹರ್ ಕೊಡದೆ ತೀರಿಕೊಂಡರೆ ಅದು ಅವನ ಮೇಲಿನ ಸಾಲ. ಆಸ್ತಿ ಪಾಲು ಮಾಡುವ ಮೊದಲು ಆ ಸಾಲ ತೀರಬೇಕು.

ಹಾಗಂತ ಹಿಂದೆ ಎಲ್ಲವೂ ಕತ್ತಲು, ಆಮೇಲೆ ಎಲ್ಲವೂ ಬೆಳಕು ಅಂತ ಬರೆಯಲು ನನಗೆ ಮನಸ್ಸಿಲ್ಲ. ಪ್ರವಾದಿಯ ಮೊದಲ ಹೆಂಡತಿ ಖದೀಜಾ ಇಸ್ಲಾಮಿಗೆ ಮೊದಲೇ ಸ್ವಂತ ವ್ಯಾಪಾರ ನಡೆಸುತ್ತಿದ್ದ ಸಿರಿವಂತ ಹೆಂಗಸು. ಅಂಥವರೂ ಆ ಸಮಾಜದಲ್ಲಿ ಇದ್ದರು. ಇನ್ನೊಂದು ಕಡೆ, ಉಹುದ್ ಯುದ್ಧದಲ್ಲಿ ಸತ್ತ ಸಅದ್ ಇಬ್ನ್ ರಬೀ ಅವರ ಹೆಂಡತಿಯ ಪ್ರಸಂಗವೂ ಇದೆ. ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ಹಿಡಿದುಕೊಂಡ ಅಂತ ಅವರು ಪ್ರವಾದಿಯ ಹತ್ತಿರ ದೂರು ತಂದರು. ಕೊನೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಹೆಂಡತಿಗೆ ಎಂಟರಲ್ಲಿ ಒಂದು ಪಾಲು ಸಿಕ್ಕಿತು. ಆದರೆ ಮಗಳಿಗೆ ಮಗನ ಅರ್ಧ ಪಾಲು ಅನ್ನುವ ನಿಯಮವೂ ಕುರ್‌ಆನಿನ ಅದೇ 4ನೇ ಅಧ್ಯಾಯದಲ್ಲಿದೆ. ಮಹರನ್ನೇ ಸರಕಿನ ಬೆಲೆಗೆ ಹೋಲಿಸಿದ ಹಳೆಯ ಫಿಕ್ಹ್ (ಇಸ್ಲಾಮಿ ಕಾನೂನುಶಾಸ್ತ್ರ) ಪಂಡಿತರೂ ಇದ್ದಾರೆ. ಇದನ್ನು ಮುಚ್ಚಿಡುವುದು ತಪ್ಪು.

ಹಾಗಾದರೆ ‘ಸ್ತ್ರೀಧನ’, ಅಂದರೆ ಹೆಣ್ಣಿನ ಸ್ವಂತ ಆಸ್ತಿ, ಅನ್ನಬಹುದೇ? ಒಡೆತನದ ವಿಷಯದಲ್ಲಿ ಅದೇ ಹತ್ತಿರದ ಪದ. ಹೆಣ್ಣಿಗಾಗಿ ತಂದೆ ಶುಲ್ಕ ತಗೋಬಾರದು ಅಂತ ಮನುಸ್ಮೃತಿಯೂ ಹೇಳುತ್ತದೆ. ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿದ ಮಿತಾಕ್ಷರಾ (ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ) ಹುಟ್ಟಿದ್ದು ನಮ್ಮ ಕಲ್ಯಾಣದಲ್ಲೇ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರ ಸ್ತ್ರೀಧನದೊಳಗೆ ಹೆಣ್ಣಿಗೆ ವಾರಸಿನಿಂದ ಬಂದದ್ದನ್ನೂ, ಅವಳು ಕೊಂಡದ್ದನ್ನೂ ಸೇರಿಸಿದ. ಆದರೆ ಸ್ತ್ರೀಧನದಲ್ಲಿ ತವರಿನ ಉಡುಗೊರೆಯೇ ಜಾಸ್ತಿ. ಮಹರ್ ಗಂಡ ಕೊಡಲೇಬೇಕಾದದ್ದು. ಆ ಕಟ್ಟುಪಾಡು ಸ್ತ್ರೀಧನ ಪದದಲ್ಲಿ ಕೇಳಿಸುವುದಿಲ್ಲ.

‘ವಧುದಕ್ಷಿಣೆ’ಯ ತೊಂದರೆ ಬೇರೆ. ಕೇಳಿದ ಕೂಡಲೇ ವರದಕ್ಷಿಣೆಯ ಜೋಡಿಯ ಹಾಗೆ ಅನಿಸುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೇ ಮುಸ್ಲಿಮರ ಮಹರನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಕಾನೂನಿನ ಇಂಗ್ಲಿಷಿನಲ್ಲಿ ಮಹರಿಗೆ ‘ಡವರ್’, ವರದಕ್ಷಿಣೆಗೆ ‘ಡೌರಿ’. ಈ ಎರಡನ್ನೂ ಕಲಸಿದ ಅನುವಾದಗಳು ಕಣ್ಣಿಗೆ ಬಿದ್ದಾಗ ಬೇಸರವಾಗುತ್ತದೆ. ದಖನಿ ಮಾತಾಡುವ ಕಡೆ ‘ಜೋಡೆ ಕಿ ರಕಮ್’ ಅಂತ ಗಂಡಿಗೆ ಹಣ ಕೊಡುವ ಕೆಟ್ಟ ಚಾಳಿ ಇದೆ. ಸಾವಿರಗಟ್ಟಲೆ, ಲಕ್ಷಗಟ್ಟಲೆ ಹೆಣ್ಣಿನ ಮನೆಯಿಂದ ಹೋಗುತ್ತದೆ, ಮಹರ್ ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಇಂಥ ಕಡೆ ಪದ ಸ್ಪಷ್ಟವಾಗಿರುವುದು ಹೆಣ್ಣುಮಕ್ಕಳಿಗೆ ನಿಜವಾಗಿಯೂ ಬೇಕು.

ನನ್ನ ಒಲವು ‘ಮಹರ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ‘ಮದುಮಗಳಿಗೆ ಗಂಡ ಕೊಡಬೇಕಾದ ಹಕ್ಕಿನ ಹಣ’ ಅಂತ ಬಿಡಿಸಿ ಹೇಳುವ ಕಡೆಗಿದೆ. ‘ಮೆಹರ್’ ಅಂತ ಬರೆಯುವವರೂ ಇದ್ದಾರೆ. ಮೆಹರ್ಬಾನಿಯಲ್ಲಿರುವ ಮೆಹರ್ ಪಾರಸಿ ಪದ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಮಹರ್ ವಾಸಿ.

ಇನ್ನೆರಡು ಪ್ರಶ್ನೆಗಳಿವೆ. ಕೂಡಲೇ ಕೊಡಬೇಕಾದ ಮಹರಿಗೂ, ಮುಂದೆ ಕೊಡುವ ಮಹರಿಗೂ ಅರಬ್ಬಿಯಲ್ಲಿ ಎರಡು ಬೇರೆ ಪದಗಳಿವೆ. ಒಂದರಲ್ಲಿ ಐನ್ ಅಕ್ಷರ, ಇನ್ನೊಂದರಲ್ಲಿ ಹಮ್ಜಾ. ಕನ್ನಡದಲ್ಲಿ ಬರೆದರೆ ಎರಡೂ ‘ಮುಅಜ್ಜಲ್’! ಅರ್ಥ ಪೂರ್ತಿ ಉಲ್ಟಾ. ‘ರೊಕ್ಕದ ಮಹರ್’, ‘ಬಾಕಿ ಮಹರ್’ ಅಂದರೆ ಓದುಗರಿಗೆ ತಿಳಿಯುತ್ತದೆಯೇ? ಅಥವಾ ನಿಕಾಹ್ ಬರೆಸುವ ಖಾಜಿಗಳ ಕಡೆ ಬೇರೆ ಬಳಕೆಯ ಮಾತಿದೆಯೇ?

ಎರಡನೆಯದು ತೆರ ಗೊತ್ತಿರುವ ಹಿರಿಯರಿಗೆ. ತೆರದ ಹಣದಲ್ಲಿ ಹೆಣ್ಣಿಗೇ ಅಂತ ಬೇರೆ ತೆಗೆದಿಡುವ ಪಾಲು ನಿಮ್ಮ ಕಡೆ ಇತ್ತೇ? ಇದ್ದರೆ ಅದಕ್ಕೆ ಏನನ್ನುತ್ತಿದ್ದರು? ಆ ಪದ ಸಿಕ್ಕರೆ, ಮಹರಿಗೆ ಕನ್ನಡದ್ದೇ ಹೆಸರು ಸಿಗಬಹುದೇನೋ ಅನ್ನುವ ಆಸೆ ನನಗಿದೆ. ಬಳಕೆಯ ಒಂದೆರಡು ವಾಕ್ಯದೊಂದಿಗೆ ಬರೆದು ತಿಳಿಸಿ.