ಇಪ್ಪತ್ತು ಹತ್ತಿ ಇಪ್ಪತ್ತು ಇಳಿದರೆ ನಾಲ್ಕು ಎಲ್ಲಿ ಹೋಯ್ತು?

ಮೇಷ್ಟ್ರ ಮುಂದೆ ಗಣಿತದ ಉತ್ತರಪತ್ರಿಕೆಗಳ ಕಟ್ಟು, ಕೆಂಪು ಪೆನ್ನಿನ ಮುಚ್ಚಳ ಬಾಯಲ್ಲಿ. ಪಕ್ಕದಲ್ಲಿ ಸುಬ್ಬು. ತನಗೆ ಲೆಕ್ಕ ಬರೋಲ್ಲ ಅಂತ ಒಪ್ಪಿಕೊಂಡವನೂ ಅಲ್ಲ, ಬರುತ್ತೆ ಅಂತ ತೋರಿಸಿಕೊಟ್ಟವನೂ ಅಲ್ಲ. ಎದುರಿಗೆ ಪದ್ದಿ. ಅವಳ ಕಣ್ಣು ಲೆಕ್ಕಕ್ಕಿಂತ ಲೆಕ್ಕದ ಭಾಷೆಯ ಮೇಲೆ.

"ಕೇಳಿ ಇಲ್ಲಿ," ಅಂದರು ಮೇಷ್ಟ್ರು. "'ಒಂದು ಸಂಖ್ಯೆಯನ್ನು ಶೇ. 20ರಷ್ಟು ಹೆಚ್ಚಿಸಿ, ಬಂದದ್ದನ್ನು ಶೇ. 20ರಷ್ಟು ಕಡಿಮೆ ಮಾಡಿದರೆ ಏನಾಗುತ್ತದೆ?' ಅರ್ಧಕ್ಕರ್ಧ ಮಕ್ಕಳು 'ಏನೂ ಆಗುವುದಿಲ್ಲ' ಅಂತ ಬರೆದಿದ್ದಾರೆ."

"ಸರಿಯಾಗೇ ಬರೆದಿದ್ದಾರಲ್ಲ!" ಸುಬ್ಬು ಮಕ್ಕಳ ಪರ ವಕಾಲತ್ತಿಗೆ ನಿಂತ. "ಇಪ್ಪತ್ತು ಮೆಟ್ಟಿಲು ಹತ್ತಿ ಇಪ್ಪತ್ತು ಮೆಟ್ಟಿಲು ಇಳಿದರೆ ನೆಲಕ್ಕೆ ತಾನೇ ಬರೋದು?"

"ಮೆಟ್ಟಿಲಾದರೆ ನೆಲಕ್ಕೆ ಬರ್ತೀಯ. ಶೇಕಡಾದಲ್ಲಿ ನೆಲಮಾಳಿಗೆಗೆ ಹೋಗ್ತೀಯ. ನೂರು ಇಟ್ಕೋ. ಅದರ ಇಪ್ಪತ್ತು ಪರ್ಸೆಂಟ್ ಸೇರಿಸಿದರೆ 120. ಈಗ ಇಳಿಸು. ಯಾವುದರ ಇಪ್ಪತ್ತು ಪರ್ಸೆಂಟ್?"

"ನೂರರ."

"ನೂರು ಎದ್ದು ಹೋಗಿ ಆಗಲೇ ಎಷ್ಟೊತ್ತಾಯ್ತು! ಆ ಜಾಗದಲ್ಲಿ 120 ಕೂತಿದೆ. ಅದರ ಇಪ್ಪತ್ತು ಪರ್ಸೆಂಟ್ 24. ಕಳೆದರೆ 96."

"ಸರಿ, ಮೊದಲು ಇಳಿಸಿ ಆಮೇಲೆ ಏರಿಸೋಣ."

"100 ಇಳಿದು 80. ಎಂಬತ್ತರ ಇಪ್ಪತ್ತು ಪರ್ಸೆಂಟ್ 16. ಕೂಡಿಸಿದರೆ ಮತ್ತೆ 96. ಏರಿಸೋದು ಅಂದರೆ 1.2ರಿಂದ ಗುಣಿಸೋದು, ಇಳಿಸೋದು ಅಂದರೆ 0.8ರಿಂದ ಗುಣಿಸೋದು. ಗುಣಾಕಾರಕ್ಕೆ ಯಾರು ಮೊದಲು ಯಾರು ಆಮೇಲೆ ಅನ್ನೋ ಜಗಳ ಇಲ್ಲ."

"ಹಾಗಿದ್ರೆ ನನ್ನ ನಾಲ್ಕು ಎಲ್ಲಿ ಹೋಯ್ತು?"

"20ನ್ನ 20ರಿಂದ ಗುಣಿಸಿ 100ರಿಂದ ಭಾಗಿಸು, ಅದೇ ನಾಲ್ಕು. ಹತ್ತು ಏರಿಸಿ ಹತ್ತು ಇಳಿಸಿದರೆ ಒಂದು ಹೋಗುತ್ತೆ. ಐವತ್ತಾದರೆ ಇಪ್ಪತ್ತೈದು."

"ನೂರು ಏರಿಸಿ ನೂರು ಇಳಿಸಿದ್ರೆ?"

"ನೂರಕ್ಕೆ ನೂರೂ ಹೋಗುತ್ತೆ. ಕೈಗೆ ಸೊನ್ನೆ."

"ಎಷ್ಟು ಹೋಗುತ್ತೆ ಅಂತ ಹೇಳಿದ್ರಿ, ಎಲ್ಲಿಗೆ ಅಂತ ಹೇಳ್ಲಿಲ್ಲ," ಸುಬ್ಬು ಗೊಣಗಿದ.

ಮೇಷ್ಟ್ರು ಮುಂದಿನ ಪತ್ರಿಕೆ ತೆಗೆದರು. ಅದರಲ್ಲಿ ಒಂದು ಕಡೆ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತಾಗುವ ಹಾಗಾಗಿತ್ತು. ಪ್ರಶ್ನೆ ಇಷ್ಟೇ: ಶೇ. 25ರಷ್ಟು ಹೆಚ್ಚಾದ ಮೇಲೆ ಒಂದು ಸಂಖ್ಯೆ 250 ಆಯಿತು, ಮೊದಲು ಎಷ್ಟಿತ್ತು? ಉಜ್ಜಿದ ಜಾಗದಲ್ಲಿ ಮಸುಕಾಗಿ 200 ಕಾಣುತ್ತಿತ್ತು. ಅದರ ಮೇಲೆ ಕಪ್ಪಗೆ ಒತ್ತಿ 187.5.

"ಅಯ್ಯೋ, ಸರಿ ಉತ್ತರ ಬರೆದು ಅಳಿಸಿದೆಯಲ್ಲ ಮಗು!" ಅಂದಳು ಪದ್ದಿ.

"ಅದೇ ಸಂಕಟ. 250ರ ಇಪ್ಪತ್ತೈದು ಪರ್ಸೆಂಟ್ 62.5, ಕಳೆದರೆ 187.5. ಲೆಕ್ಕ ಮಾಡಿದ್ದರಲ್ಲಿ ತಪ್ಪಿಲ್ಲ, ಹಿಡಿದ ಸಂಖ್ಯೆ ತಪ್ಪು. ಏರಿಕೆ ಆಗಿದ್ದು ಹಳೆಯದರ ಮೇಲೆ, ಮಗು ತೆಗೆದದ್ದು ಹೊಸದರಿಂದ. ತಾಳೆ ನೋಡಿದ್ದರೆ ಗೊತ್ತಾಗ್ತಿತ್ತು. 187.5ಕ್ಕೆ ಅದರದೇ ಇಪ್ಪತ್ತೈದು ಪರ್ಸೆಂಟ್ ಸೇರಿಸಿದರೆ 234.375 ಬರುತ್ತೆ, 250 ಅಲ್ಲ."

"ಸರಿಯಾದ ದಾರಿ?"

"ಹಳೆಯದನ್ನ 100 ಭಾಗ ಅಂದ್ಕೋ. ಏರಿದ ಮೇಲೆ 125 ಭಾಗ. 125 ಭಾಗಕ್ಕೆ 250 ಅಂದರೆ ಒಂದು ಭಾಗಕ್ಕೆ 2, ನೂರು ಭಾಗಕ್ಕೆ 200. ಇಲ್ಲವೇ ನೇರವಾಗಿ 250ನ್ನ 1.25ರಿಂದ ಭಾಗಿಸು. ಗುಣಿಸಿ ಹೋದವನು ಭಾಗಿಸಿಯೇ ವಾಪಸ್ ಬರಬೇಕು, ಕಳೆದು ಬರೋಕಾಗಲ್ಲ."

ಸುಬ್ಬು ಬೆಂಕಿಪೊಟ್ಟಣ ತೆಗೆದು ನಾಲ್ಕು ಕಡ್ಡಿ ಸಾಲಾಗಿ ಜೋಡಿಸಿದ. "ನನಗೆ ಕಣ್ಣಿಗೆ ಕಾಣೋ ಹಾಗೆ ಹೇಳಿ."

"ಒಳ್ಳೇದಾಯ್ತು. ನಾಲ್ಕು ಕಡ್ಡಿಗೆ ಇನ್ನೊಂದು ಸೇರಿಸು. ಎಷ್ಟು ಪರ್ಸೆಂಟ್ ಏರಿತು?"

"ನಾಲ್ಕಕ್ಕೆ ಒಂದು, ಇಪ್ಪತ್ತೈದು."

"ಈಗ ಅದೇ ಕಡ್ಡಿ ತೆಗಿ. ಐದರಲ್ಲಿ ಒಂದು ಹೋಯ್ತು. ಎಷ್ಟು ಪರ್ಸೆಂಟ್ ಇಳಿತು?"

ಸುಬ್ಬು ಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಇಪ್ಪತ್ತು! ಅದೇ ಕಡ್ಡಿ ಬರುವಾಗ ಇಪ್ಪತ್ತೈದು, ಹೋಗುವಾಗ ಇಪ್ಪತ್ತಾ?"

"ಕಡ್ಡಿ ಬದಲಾಗಿಲ್ಲ ಕಣೋ, ಛೇದ ಬದಲಾಯ್ತು. ನಾಲ್ಕರಲ್ಲೊಂದು ಏರಿದ್ದನ್ನು ಐದರಲ್ಲೊಂದು ಇಳಿಸಿ ಸರಿಮಾಡಬೇಕು. ಎರಡರಲ್ಲೊಂದು ಏರಿದರೆ ಮೂರರಲ್ಲೊಂದು. ಇಳಿದದ್ದನ್ನ ಏರಿಸುವಾಗ ತಿರುಗಾಮುರುಗಾ: ಐದರಲ್ಲೊಂದು ಇಳಿದರೆ ನಾಲ್ಕರಲ್ಲೊಂದು ಏರಿಸಬೇಕು, ಅರ್ಧಕ್ಕಿಳಿದರೆ ಪೂರಾ ನೂರು ಪರ್ಸೆಂಟ್. ವೇಗ ಇಪ್ಪತ್ತೈದು ಪರ್ಸೆಂಟ್ ಹೆಚ್ಚಾದರೆ ಅದೇ ದೂರಕ್ಕೆ ಹಿಡಿಯೋ ಸಮಯ ಇಪ್ಪತ್ತೈದಲ್ಲ, ಇಪ್ಪತ್ತು ಪರ್ಸೆಂಟ್ ಕಡಿಮೆ ಆಗೋದೂ ಇದೇ ಕಡ್ಡಿ ಲೆಕ್ಕದಿಂದಲೇ."

"80 ಇದ್ದದ್ದು 100 ಆದರೂ ಅಷ್ಟೇ ಅಲ್ವಾ ಮೇಷ್ಟ್ರೇ?" ಪದ್ದಿ ಕೇಳಿದಳು. "ವ್ಯತ್ಯಾಸ 20, ಹಳೆಯದು 80. 20ನ್ನ 80ರಿಂದ ಭಾಗಿಸಿದ್ರೆ ಇಪ್ಪತ್ತೈದು ಪರ್ಸೆಂಟ್."

"ಅಷ್ಟೇ. ಆದರೆ ಇಲ್ಲಿ ನೋಡು, ಈತ 20ನ್ನ 100ರಿಂದ ಭಾಗಿಸಿದ್ದಾನೆ. ದೊಡ್ಡ ಸಂಖ್ಯೆ ಕಂಡರೆ ಕೆಳಗೆ ಕೂರಿಸೋ ಅಭ್ಯಾಸ. 100ರಿಂದ 80ಕ್ಕೆ ಇಳಿದ ಲೆಕ್ಕದಲ್ಲಿ ಈ ಅಭ್ಯಾಸವೇ ಸರಿ ಉತ್ತರ ಕೊಡುತ್ತೆ, ಅದಕ್ಕೇ ತಪ್ಪು ಬೇಗ ಹೊರಗೆ ಬರೋಲ್ಲ. ಇನ್ನೊಬ್ಬಳು 50ರಿಂದ 150 ಆಯಿತು ಅಂದಾಗ 200 ಪರ್ಸೆಂಟ್ ಅಂತ ಸರಿಯಾಗೇ ತೆಗೆದು, ಶೇಕಡಾ ನೂರು ದಾಟಬಾರದು ಅಂತ ಹೆದರಿ ಭಿನ್ನರಾಶಿನೇ ತಲೆಕೆಳಗು ಮಾಡಿದ್ದಾಳೆ."

"ದಾಟಬಹುದಾ?" ಸುಬ್ಬು ಕೇಳಿದ.

"ಏರುವಾಗ ಎಷ್ಟು ಬೇಕಾದರೂ ದಾಟು. ಇಳಿಯುವಾಗ ನೂರಕ್ಕೆ ನಿಂತುಬಿಡಬೇಕು, ಅಲ್ಲಿಗೆ ಇದ್ದದ್ದೆಲ್ಲ ಮುಗಿದಿರುತ್ತೆ. ಸೊನ್ನೆಯಿಂದ ಏರಿದ್ದಕ್ಕೆ ಮಾತ್ರ ಶೇಕಡಾ ಕೇಳಬೇಡ, ಸೊನ್ನೆಯಿಂದ ಭಾಗಿಸೋ ಹಾಗಿಲ್ಲ."

ಪದ್ದಿ ಇಷ್ಟು ಹೊತ್ತು ಕಾದಿದ್ದೇ ಹೆಚ್ಚು. "ನೀವು ಲೆಕ್ಕವನ್ನೇ ಬೈತೀರಿ. ಅರ್ಧ ತಪ್ಪು ವಿಭಕ್ತಿಯದು. '200 ಇದ್ದದ್ದು ಶೇ. 30ರಷ್ಟು ಇಳಿಯಿತು' ಅಂದ್ರೆ 60 ಹೋಗಿ 140 ಉಳೀತು. 'ಶೇ. 30ಕ್ಕೆ ಇಳಿಯಿತು' ಅಂದ್ರೆ 140 ಹೋಗಿ 60 ಉಳೀತು. 'ರಷ್ಟು' ಅಂದ್ರೆ ಹೋದದ್ದು, 'ಕ್ಕೆ' ಅಂದ್ರೆ ಬಂದು ನಿಂತದ್ದು. ಒಂದು ಚತುರ್ಥಿ ಪ್ರತ್ಯಯ ತಪ್ಪಿದ್ರೆ ಉತ್ತರ ಅದಲುಬದಲು."

"ಗಣಿತದ ಪರೀಕ್ಷೆಗೆ ವ್ಯಾಕರಣ ಓದಬೇಕಾ?" ಸುಬ್ಬು ಹೌಹಾರಿದ.

"ಓದೋ ಮಾರಾಯ. 'ಶೇ. 200ರಷ್ಟು ಹೆಚ್ಚಾಯಿತು' ಅಂದ್ರೆ ಎಷ್ಟು ಪಟ್ಟು?"

"ಎರಡು."

"ಮೂರು! ಮೊದಲಿದ್ದ ನೂರು ಎಲ್ಲೂ ಓಡಿಹೋಗಿಲ್ಲ, ಅದರ ಮೇಲೆ ಇನ್ನೂರು. 'ಶೇ. 200ಕ್ಕೆ ಏರಿತು' ಅಂದ್ರೆ ಎರಡು ಪಟ್ಟು. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಪಾಸಾದವರ ಪ್ರಮಾಣ ಶೇ. 40 ಇದ್ದದ್ದು ಶೇ. 50 ಆಯ್ತು ಅಂತಿಟ್ಕೋ. ಎಷ್ಟು ಏರಿತು?"

"ಹತ್ತು ಪರ್ಸೆಂಟ್. ಇದರಲ್ಲಿ ಮೋಸ ಏನಿದೆ?"

"ಹತ್ತು ಪರ್ಸೆಂಟೇಜ್ ಪಾಯಿಂಟ್, ಅಂದ್ರೆ ಎರಡು ಶೇಕಡಾಗಳ ನಡುವಿನ ಬರೀ ವ್ಯತ್ಯಾಸ. ಪರ್ಸೆಂಟ್ ಅಲ್ಲ. ಪರ್ಸೆಂಟ್ ಬೇಕಾದ್ರೆ 10ನ್ನ 40ರಿಂದ ಭಾಗಿಸು, ಇಪ್ಪತ್ತೈದು. ಹೊಗಳಬೇಕಾದವರು ಇಪ್ಪತ್ತೈದು ಅಂತಾರೆ, ತೆಗಳಬೇಕಾದವರು ಹತ್ತು ಅಂತಾರೆ, ಇಬ್ಬರೂ ಸತ್ಯಸಂಧರೇ."

ಮೇಷ್ಟ್ರು ನಗುತ್ತಾ ಒಂದು ಪತ್ರಿಕೆಗೆ ಅಡ್ಡಗೆರೆ ಎಳೆದರು. "ಇದಕ್ಕೆ ವಿಭಕ್ತಿ ಕಾರಣ ಅಲ್ಲಮ್ಮ. 5 ಪರ್ಸೆಂಟ್ ಏರಿಸೋಕೆ 1.5ರಿಂದ ಗುಣಿಸಿದ್ದಾನೆ. 105ನ್ನ 100ರಿಂದ ಭಾಗಿಸಿದರೆ 1.05. ಒಂದು ಸೊನ್ನೆ ನುಂಗಿದ್ದಕ್ಕೆ ಐದು ಹೋಗಿ ಐವತ್ತಾಯ್ತು. ಇನ್ನೊಬ್ಬ ಶೇ. 30 ಇಳಿಕೆ, ಅದರ ಮೇಲೆ ಶೇ. 20 ಇಳಿಕೆ ಅಂದಾಗ ಎರಡನ್ನೂ ಕೂಡಿ ಐವತ್ತು ಅಂದಿದ್ದಾನೆ. 0.7ನ್ನ 0.8ರಿಂದ ಗುಣಿಸಿದರೆ 0.56. ಉಳಿದದ್ದು 56, ಇಳಿದದ್ದು 44. ಏನು ಉಳಿಯುತ್ತೆ ಅಂತ ಗುಣಿಸಿಕೊಂಡು ಹೋಗಿ, ಎಷ್ಟು ಹೋಯ್ತು ಅಂತ ಕೊನೆಗೆ ಒಂದೇ ಸಲ ಕಳೆದರೆ ಸಾಕು. ನಡುನಡುವೆ ದಶಮಾಂಶ ಕತ್ತರಿಸಬಾರದು, ಅಷ್ಟೇ."

ಸುಬ್ಬು ಈ ಮಾತಿನಲ್ಲಿ ಇರಲಿಲ್ಲ. ಮೇಜಿನ ಮೇಲಿದ್ದ ಗ್ರಾಫ್ ಹಾಳೆಯಿಂದ ಹತ್ತು ಮನೆ ಉದ್ದ, ಹತ್ತು ಮನೆ ಅಗಲದ ಒಂದು ಚೌಕ ಕತ್ತರಿಸುತ್ತಿದ್ದ.

"ಏನೋ ಅದು?"

"ನೂರು ಮನೆ. ಇದರ ಎತ್ತರ ಇಪ್ಪತ್ತು ಪರ್ಸೆಂಟ್ ಇಳಿಸ್ತೀನಿ, ಅಗಲ ಇಪ್ಪತ್ತು ಪರ್ಸೆಂಟ್ ಏರಿಸ್ತೀನಿ. ಕೆಳಗಿಂದ ಕಿತ್ತದ್ದನ್ನೇ ಪಕ್ಕಕ್ಕೆ ಅಂಟಿಸಿದ್ರೆ ನಾಲ್ಕು ಅದು ಹೇಗೆ ಕಮ್ಮಿಯಾಗುತ್ತೆ ನೋಡೇಬಿಡೋಣ." ಕೆಳಗಿನ ಎರಡು ಸಾಲು ಕತ್ತರಿಸಿದ. ಇಪ್ಪತ್ತು ಮನೆಯ ಪಟ್ಟಿ ಕೈಗೆ ಬಂತು. ಅದನ್ನು ನೆಟ್ಟಗೆ ತಿರುಗಿಸಿ, ಉಳಿದ ತುಂಡಿನ ಪಕ್ಕಕ್ಕೆ ಮೇಲಿನ ಅಂಚು ಹೊಂದಿಸಿ ಇಟ್ಟ. ಪಟ್ಟಿಯ ಉದ್ದ ಹತ್ತು ಮನೆ, ತುಂಡಿನ ಎತ್ತರ ಎಂಟೇ ಮನೆ. ಪಟ್ಟಿಯ ತುದಿ ಕೆಳಗೆ ಬಾಲದ ಹಾಗೆ ಜೋತುಬಿತ್ತು.

ಸುಬ್ಬು ಬಾಲವನ್ನು ಎಣಿಸಿದ. ಎರಡು ಮನೆ ಉದ್ದ, ಎರಡು ಮನೆ ಅಗಲ.

"ಸಿಕ್ತು ಮೇಷ್ಟ್ರೇ! ನಾಲ್ಕು ಇಲ್ಲಿದೆ!"

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಾಲ ಕತ್ತರಿಸಿದರೆ ಹನ್ನೆರಡು ಅಗಲ, ಎಂಟು ಎತ್ತರ, ತೊಂಬತ್ತಾರು ಮನೆ. "ಭಲೇ! ಸೂತ್ರ ಬರೆದವರಿಗಿಂತ ಇದು ವಾಸಿ. ಐದಕ್ಕೆ ನಾಲ್ಕು ಅಂಕ ಕೊಡ್ತೀನಿ."

"ಒಂದು ಯಾಕೆ ಹಿಡಿದ್ರಿ?"

"ನನ್ನ ಗ್ರಾಫ್ ಹಾಳೆ ಹಾಳು ಮಾಡಿದ್ದಕ್ಕೆ."

"ಇಪ್ಪತ್ತು ಪರ್ಸೆಂಟ್ ಇಳಿಸಿಬಿಟ್ರಾ!" ಅಂದ ಸುಬ್ಬು, ನಾಲ್ಕು ಮನೆಯ ಚೂರನ್ನು ಜೇಬಿಗೆ ಹಾಕಿಕೊಳ್ಳುತ್ತ. "ವಾಪಸ್ ಕೊಡುವಾಗ ಇಪ್ಪತ್ತು ಏರಿಸಿ ಯಾಮಾರಿಸಬೇಡಿ. ಇಪ್ಪತ್ತೈದು ಬೇಕು ನನಗೆ."