ಕಲಬುರಗಿಯಲ್ಲಿ ಬೀದಿ ಪ್ರಾಣಿಗಳಿಗೊಂದು ಆಸರೆ: ನಡೆಸಿದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಅಫಜಲಪುರ ರಸ್ತೆ ಕಡೆ ನಮ್ಮ ಮಾವನವರ ಒಂದು ಎಕರೆ ಹೊಲ ಖಾಲಿ ಬಿದ್ದಿದೆ. ನಾವು ನಾಲ್ಕು ಜನ ಗೆಳತಿಯರು, ಎಲ್ಲರೂ ನೌಕರಿಯವರು. ಸದ್ಯ ನಮ್ಮ ನಾಲ್ಕೂ ಮನೆ ಸೇರಿ 11 ನಾಯಿ ಸಾಕಿದ್ದೇವೆ, ಎಲ್ಲವೂ ಏಟು ತಿಂದವು ಇಲ್ಲವೇ ಸಾಕಿದವರು ಬಿಟ್ಟುಹೋದವು. ಜೊತೆಗೆ ಇಟ್ಟಿಗೆ ಭಟ್ಟಿಯಲ್ಲಿ ಕಾಲು ಮುರಿದ ಮೇಲೆ ಬೀದಿಗೆ ಬಿದ್ದ ಒಂದು ಕತ್ತೆ. ಯುಗಾದಿ ಹೊತ್ತಿಗೆ ಹೊಲದಲ್ಲಿ ಶೆಡ್ ಹಾಕಬೇಕು ಅಂತ ಆಸೆ. ಶೆಡ್ ಎಷ್ಟು ದೊಡ್ಡದಿರಬೇಕು? ಕಾಗದಪತ್ರ ಏನು ಮಾಡಿಸಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸೇಡಂ ರಸ್ತೆಯಿಂದ, ಆರು ವರ್ಷದಿಂದ ನಡೆಸುತ್ತಿರುವವರು:

ಅಕ್ಕಾ, ಶೆಡ್ ಅಳತೆ ಆಮೇಲೆ ನೋಡೋಣ. ಮೊದಲು ಎಷ್ಟು ಪ್ರಾಣಿ ಅನ್ನೋದನ್ನು ಗೋಡೆ ಮೇಲೆ ಬರೆಯಿರಿ. ನಾನು ಬರೆದಿರಲಿಲ್ಲ. 15 ನಾಯಿಗೆ ಅಂತ ಶುರು ಮಾಡಿದ್ದು, ಎರಡೇ ವರ್ಷಕ್ಕೆ 70 ದಾಟಿತು. ಯಾರು ತಂದರೂ ಹೂಂ ಅಂದೆ. ಈಗ 34ಕ್ಕೆ ನಿಲ್ಲಿಸಿದ್ದೇನೆ. ಒಂದು ಒಳ್ಳೆ ಮನೆಗೆ ಹೋದರೆ ಮಾತ್ರ ಇನ್ನೊಂದು ಒಳಗೆ. ಜನ ಬೈಯುತ್ತಾರೆ, "ಇಷ್ಟು ಜಾಗ ಅದ, ಇದೊಂದ್ ಹೆಚ್ಚಾಗ್ತದೇನ್ರಿ?" ಅಂತ. ಬೈಸಿಕೊಳ್ಳಬೇಕು.

ಯಾಕೆ ಹೇಳ್ತೀನಿ ಅಂದರೆ, ಒಂದು ಶ್ರಾವಣದಲ್ಲಿ ಯಾರೋ ರಾತ್ರಿ ಗೇಟಿಗೆ ಬಾಳೆಹಣ್ಣಿನ ಬಾಕ್ಸ್ ಇಟ್ಟು ಹೋಗಿದ್ದರು. ಒಳಗೆ ಐದು ಮರಿ. ಅದರಲ್ಲಿ ಒಂದು ಮರಿ ಸ್ವಲ್ಪ ಸಪ್ಪಗಿತ್ತು. ಹಸಿವೆ ಇರಬೇಕು ಅಂತ ನುಚ್ಚಿನ ಗಂಜಿ ಕುಡಿಸಿ, ನಮ್ಮ ಮರಿಗಳ ಜೊತೆ ಬಿಟ್ಟೆ. ಬೇರೆ ಜಾಗ ಎಲ್ಲಿತ್ತು? ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಆ ವಾಸನೆ. ಪಾರ್ವೊ, ನಾಯಿಮರಿಗಳಿಗೆ ಹರಡುವ ವೈರಸ್ ರೋಗ. ರಕ್ತಭೇದಿ, ವಾಂತಿ. ನೀರು ಕುಡಿಸಿದರೂ ನಿಲ್ಲುತ್ತಿರಲಿಲ್ಲ. ಎರಡು ವಾರದಲ್ಲಿ 9 ಮರಿ ಹೋದವು. ನಾನು ಸುಮ್ನೆ ಫಿನಾಯಿಲ್ ಹಾಕಿ ಹಾಕಿ ತೊಳೆಯುತ್ತಿದ್ದೆ. ಆ ವೈರಸ್ಸಿಗೆ ಫಿನಾಯಿಲ್ ಏನೂ ಮಾಡಲ್ಲ, ಬ್ಲೀಚಿಂಗ್ ನೀರೇ ಬೇಕು, ಅದೂ ಹೊಲಸೆಲ್ಲ ತೊಳೆದು ತೆಗೆದ ಮೇಲೆ ಅಂತ ಡಾಕ್ಟರು ಹೇಳಿದರು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದಂತೆ. ನಮ್ಮದು ಎರೆಮಣ್ಣು, ತೊಳೆಯೋದಾದರೂ ಹೇಗೆ?

ಅದಕ್ಕೇ ಮರಿಗಳ ಕೋಣೆಗೆ ಶಹಾಬಾದ್ ಫರ್ಶಿ ಕಲ್ಲು ಹಾಸಿಸಿದೆ. ಗೇಟಿನ ಪಕ್ಕದಲ್ಲೇ ಬೇರೆ ಕೋಣೆ ಮಾಡಿದೆ. ಹೊಸದಾಗಿ ಬಂದದ್ದು 14 ದಿನ ಅಲ್ಲೇ. ಆ ಕೋಣೆಗೆ ಬೇರೆ ಬಕೆಟ್, ಬೇರೆ ಕಸಬರಿಗೆ, ಬಾಗಿಲಲ್ಲಿ ಬೇರೆ ಚಪ್ಪಲಿ. ನೀವು ಮೊದಲು ಕಟ್ಟಬೇಕಾದ್ದು ಈ ಕೋಣೆ, ದೊಡ್ಡ ಶೆಡ್ ಅಲ್ಲ.

ಬಿಸಿಲಿನ ಮಾತು. ಎಲ್ಲರ ಕೈಗೆ ಎಟಕುವುದು ಪತ್ರಾಸ್ (ತಗಡಿನ) ಶೆಡ್ಡೇ. ಆದರೆ ಮೇ ತಿಂಗಳ 43, 44 ಡಿಗ್ರಿಯಲ್ಲಿ ಅದರ ಕೆಳಗೆ ನಾಯಿ ಬೇಯುತ್ತದೆ. ನಾನು ಪತ್ರಾಸ್ ಮೇಲೆ ತೊಗರಿ ಕಟ್ಟಿಗೆ ಒಂದು ಮೊಳ ದಪ್ಪ ಹೊದಿಸುತ್ತೇನೆ. ರಾಶಿ ಮುಗಿದ ಮೇಲೆ ಸುತ್ತಲಿನ ಹೊಲದವರನ್ನು ಕೇಳಿದರೆ ಕೊಡುತ್ತಾರೆ. ಬೆಂಕಿ ಭಯ ಇದೆ, ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ. ಸ್ಟೀಲ್ ಬೋಗುಣಿ ಬೇಡ, ನೀರು ಕಾದು ಹೋಗುತ್ತದೆ. ಕಲ್ಲಿನದೋ ಸಿಮೆಂಟಿನದೋ ತೊಟ್ಟಿ ನೆರಳಲ್ಲಿಡಿ.

ಊಟಕ್ಕೆ ಜೋಳದ ನುಚ್ಚು, ಚಿಕನ್ ಅಂಗಡಿಯ ಕುತ್ತಿಗೆ, ಲಿವರ್. ಎರಡನ್ನೂ ಬೇಯಿಸಿ ಕಲಸಿ. 34 ನಾಯಿಗೆ ದಿನಕ್ಕೆ 8 ಕೆಜಿ ನುಚ್ಚು ಹೋಗುತ್ತದೆ. ಮದುವೆ ಮನೆಯವರು ಫೋನ್ ಮಾಡಿ ಉಳಿದ ಊಟ ಕೊಡುತ್ತೇವೆ ಅನ್ನುತ್ತಾರೆ. ಬರಿ ಅನ್ನ ಇದ್ದರೆ ತಗೊಳ್ಳಿ. ಪಲ್ಯ, ಸಾರು ಬೇಡ. ಅದರಲ್ಲಿ ಉಳ್ಳಾಗಡ್ಡಿ (ಈರುಳ್ಳಿ) ಇರುತ್ತದೆ, ಅದು ನಾಯಿಗೆ ವಿಷ. ನಿಮ್ಮ ಕತ್ತೆಗೆ ಜೋಳದ ಕಣಿಕೆ (ಒಣ ದಂಟು) ಸಾಕು.

ಇನ್ನೊಂದು. ಒಬ್ಬ ಸಂಬಳದ ಆಳು ಬೇಕೇ ಬೇಕು. ಭಾನುವಾರ ಫೋಟೊ ತೆಗೆಯಲು 20 ಹುಡುಗರು ಬರುತ್ತಾರೆ. ಶರಣಬಸವೇಶ್ವರರ ತೇರಿನ ದಿನ ನಮ್ಮಲ್ಲಿ ಒಬ್ಬರೂ ಬರಲಿಲ್ಲ. 34 ನಾಯಿಯ ಹೊಲಸು ನಾನೊಬ್ಬನೇ ಬಳಿದೆ.

ಬೀದರ್‌ನಿಂದ, ಪಶುವೈದ್ಯರು:

ಮೇಡಂ, ಮೇಲಿನವರು ಪ್ರಾಣಿಗಳ ಬಗ್ಗೆ ಹೇಳಿದರು, ನಾನು ನಿಮ್ಮ ಬಗ್ಗೆ ಹೇಳುತ್ತೇನೆ. ನಾಲ್ಕೂ ಜನ ಹುಚ್ಚುನಾಯಿ ರೋಗದ ಲಸಿಕೆ ಮುಂಚೆಯೇ ಹಾಕಿಸಿಕೊಳ್ಳಿ. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಇದಾದ ಮೇಲೆ ನಾಯಿ ಕಚ್ಚಿದರೆ ಅವತ್ತೇ ಒಂದು, ಮೂರನೇ ದಿನ ಇನ್ನೊಂದು, ಎರಡೇ ಸೂಜಿ. ಆದರೂ ಗಾಯವನ್ನು ಸೋಪು ಹಚ್ಚಿ, ಹರಿಯುವ ನಲ್ಲಿ ನೀರಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ.

ಬೆಕ್ಕು ಬಂದರೆ ಮನೆಯ ಮಾತ್ರೆ ಡಬ್ಬಿ ಮುಟ್ಟಬೇಡಿ. ಜ್ವರ ಅಂತ ಕೊಟ್ಟ ಅರ್ಧ ಪ್ಯಾರಾಸಿಟಮಾಲ್‌ನಿಂದ ಬೆಕ್ಕು ಸತ್ತದ್ದನ್ನು ನಾನೇ ನೋಡಿದ್ದೇನೆ. ಹಸು, ಎಮ್ಮೆ, ಕತ್ತೆಗೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ಗಾಡಿ ಬರುತ್ತದೆ. ಹೊಟ್ಟೆ ತುಂಬ ಪ್ಲಾಸ್ಟಿಕ್ ತುಂಬಿಕೊಂಡ ಹಸುವಿಗೆ ಆಪರೇಷನ್ನೇ ಗತಿ. ಅಂಥದಕ್ಕೆ ಇಲ್ಲಿ ಪಶುವೈದ್ಯ ಕಾಲೇಜಿದೆ, ನಿಮ್ಮಿಂದ ಸುಮಾರು 110 ಕಿ.ಮೀ. ಒಂದು ಗೂಡ್ಸ್ ಗಾಡಿಯವರ ನಂಬರ್ ಈಗಲೇ ಇಟ್ಟುಕೊಳ್ಳಿ, ರಾತ್ರಿ ಹತ್ತಕ್ಕೆ ಹುಡುಕಿದರೆ ಯಾರೂ ಸಿಗಲ್ಲ.

ಯಾದಗಿರಿಯಿಂದ, ಆಸರೆ ಮುಚ್ಚಿದವಳು:

ತಂಗಿ, ನಿನ್ನ ಉತ್ಸಾಹಕ್ಕೆ ತಣ್ಣೀರು ಹಾಕ್ತೀನಿ ಅಂದುಕೋಬೇಡ. ಬೋರ್ಡ್ ಮಾತ್ರ ಹಾಕಬೇಡ. ನಾನು ಹಾಕಿದ ವಾರದಿಂದಲೇ ಗೇಟಿಗೆ ನಾಯಿ ಕಟ್ಟಿ ಹೋಗೋದು ಶುರುವಾಯಿತು. ಮುದಿಯಾದ ಲ್ಯಾಬ್ರಡಾರ್, ಕಾಲು ಬಿದ್ದ ಪೊಮೇರಿಯನ್, ಎಲ್ಲ ಮನೆಯಲ್ಲಿ ಸಾಕಿದವೇ. ಪಕ್ಕದ ಹೊಲದವರು ರಾತ್ರಿ ಬೊಗಳೋದಕ್ಕೆ ಜಗಳ ತೆಗೆದರು. ಅವರದ್ದೂ ತಪ್ಪಲ್ಲ. ಮೂರನೇ ವರ್ಷ ಮುಚ್ಚಿದೆ.

ಈಗ ಏನು ಮಾಡ್ತೀನಿ ಅಂದರೆ, ಸ್ಕೂಟಿಯಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಬೀದಿಯಲ್ಲೇ ಮದ್ದು ಮಾಡ್ತೀನಿ. ಗಾಯದಲ್ಲಿ ಹುಳ ಬಿದ್ದಿದ್ದರೆ ಸ್ಪ್ರೇ ಹೊಡೆದು, ಚಿಮಟದಲ್ಲಿ ತೆಗೆದು, ಮತ್ತೆ ಮೂರು ದಿನ ಅದೇ ಹೊತ್ತಿಗೆ ಹೋಗ್ತೀನಿ. ಬಿಸ್ಕತ್ತಿನ ಪೊಟ್ಟಣದ ಸಪ್ಪಳಕ್ಕೆ ತಾನೇ ಬರುತ್ತದೆ. ಬೀದಿ ನಾಯಿಗೆ ಅದರ ಓಣಿಯೇ ಮನೆ ಅಲ್ವಾ? ಕಣ್ಣು ಹೋದದ್ದು, ಕಾಲು ಹೋದದ್ದು, ಓಣಿಯವರೇ ಹೊಡೆದದ್ದು, ಇಂಥವನ್ನು ಮಾತ್ರ ಒಳಗೆ ತಗೋ.

(ಸೇಡಂ ರಸ್ತೆಯವರು ನಡುವೆ: ಬೋರ್ಡ್ ವಿಷಯ ಹೌದು. ಆದರೆ ಬೋರ್ಡ್ ಇಲ್ಲದಿದ್ದರೆ ದಾನಿಗಳೂ ಬರಲ್ಲ ಅಕ್ಕಾ. ನಾನು ಹೆಸರು ಹಾಕಿದೆ, ದಾರಿ ತೋರಿಸುವ ಬಾಣ ಹಾಕಲಿಲ್ಲ.)

ಕಲಬುರಗಿಯಿಂದ, ವಕೀಲರು:

ಕಾಗದದ ಮಾತು ಚಿಕ್ಕದು. ಟ್ರಸ್ಟ್ ಅಥವಾ ಸಂಘ ನೋಂದಣಿ ಮಾಡಿಸಿ, ಅದರ ಹೆಸರಲ್ಲೇ ಬ್ಯಾಂಕ್ ಖಾತೆ ತೆಗೆಯಿರಿ. ನಿಮ್ಮ ಸ್ವಂತ ಫೋನ್‌ಪೇಗೆ ದಾನ ಹಾಕಿಸಿಕೊಂಡರೆ ನಾಳೆ ನಾಲ್ವರು ಗೆಳತಿಯರೂ ಮಾತು ಬಿಡುತ್ತೀರಿ. ಮಾವನವರಿಂದ ಹೊಲಕ್ಕೆ ಬರಹದಲ್ಲಿ ಕರಾರು ಇರಲಿ, ಮಾವನವರು ಎಷ್ಟೇ ಒಳ್ಳೆಯವರಿರಲಿ. ಬೀದಿ ನಾಯಿಗಳ ಸಂತಾನಹರಣಕ್ಕೆ 2023ರ ನಿಯಮಗಳಿವೆ. ಅದು ಸ್ಥಳೀಯ ಸಂಸ್ಥೆಯ ಹೊಣೆ, ಪ್ರಾಣಿ ಕಲ್ಯಾಣ ಮಂಡಳಿ ಮಾನ್ಯ ಮಾಡಿದವರೇ ಮಾಡಬೇಕು. ಗಿಳಿ, ಕೋತಿ ತಂದುಕೊಟ್ಟರೆ ಇಟ್ಟುಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಹಿಂಸೆ ಪ್ರಕರಣದಲ್ಲಿ ಒಂದು ಗುಟ್ಟು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ. ಅದನ್ನೊಂದೇ ಹಾಕಿದರೆ ಹಿಂಸೆ ಮಾಡಿದವನು ನಿಮ್ಮೆದುರೇ ನೋಟು ಎಣಿಸಿ ಹೋಗುತ್ತಾನೆ. ಕೊಂದಿದ್ದರೆ, ವಿಷ ಹಾಕಿದ್ದರೆ, ಅಂಗ ಊನ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಸೇರಿಸಲು ಕೇಳಿ, ಅದರಲ್ಲಿ ಐದು ವರ್ಷದವರೆಗೆ ಜೈಲಿದೆ. ಠಾಣೆಗೆ ಹೋಗುವ ಮುಂಚೆ ಡಾಕ್ಟರ ಬರಹ, ತಾರೀಖು ಇರುವ ಫೋಟೊ ಕೈಯಲ್ಲಿರಲಿ.

ಕೇಳಿದವರು:

ಎಲ್ಲರಿಗೂ ಶರಣು. ನಿನ್ನೆ ನಾಲ್ಕೂ ಜನ ಕೂತು ಜಗಳ ಆಡಿ 20 ಅಂತ ಬರೆದೆವು. ಕತ್ತೆಯನ್ನು ಎಣಿಸಬೇಕೋ ಬೇಡವೋ ಅಂತಲೇ ಅರ್ಧ ಗಂಟೆ ಹೋಯಿತು! ಯುಗಾದಿಗೆ ದೊಡ್ಡ ಶೆಡ್ ಇಲ್ಲ, ಗೇಟಿನ ಪಕ್ಕದ ಕೋಣೆ ಮಾತ್ರ. ಸೋಮವಾರ ಮೊದಲ ಸೂಜಿಗೆ ಹೋಗುತ್ತಿದ್ದೇವೆ. ಸೇಡಂ ರಸ್ತೆ ಅಣ್ಣಾ, ಫರ್ಶಿ ಎಂಥದ್ದು ಹಾಕಿಸಿದಿರಿ?

ಸೇಡಂ ರಸ್ತೆಯಿಂದ:

ಇಂಚೂವರೆ ದಪ್ಪದ್ದು. ಪಾಲಿಶ್ ಮಾಡಿಸಬೇಡಿ, ಮರಿಗಳು ಜಾರುತ್ತವೆ. ಬಾಗಿಲ ಕಡೆ ಒಂದಿಷ್ಟು ಇಳಿಜಾರು ಕೊಡಿಸಿ, ಇಲ್ಲದಿದ್ದರೆ ತೊಳೆದ ನೀರು ಮೂಲೆಯಲ್ಲೇ ನಿಲ್ಲುತ್ತದೆ. ಕತ್ತೆಯನ್ನು ಎಣಿಸಿ ಅಕ್ಕಾ.