ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಮಳೆ ಬಂದರೆ ಒಳಗೆ ನೀರು

ಪ್ರಶ್ನೆ: ಈಚೆಗೆ ಕೊಂಡ ಲಕ್ಷುರಿ ಎಸ್‌ಯುವಿ. ಜೋರು ಮಳೆಗೆ ಡ್ರೈವರ್ ಕಡೆ ಮುಂದಿನ ಪಿಲ್ಲರ್‌ನಿಂದ (ಗಾಜಿನ ಪಕ್ಕದ ಕಂಬ) ನೀರಿಳಿದು ಮ್ಯಾಟ್ ತೋಯುತ್ತೆ. ಸನ್‌ರೂಫ್ ರಬ್ಬರ್ ಬದಲಿಸಬೇಕಾ?

ಉತ್ತರ: ಈಗಲೇ ಬೇಡ ಸಾರ್. ರಬ್ಬರ್ ದಾಟಿದ ನೀರು ಚೌಕಟ್ಟಿನ ಮೂಲೆಯ ಡ್ರೈನ್ ಪೈಪಲ್ಲಿ ಇಳಿದುಹೋಗಬೇಕು. ಬೆಂಗಳೂರಲ್ಲಿ ಮರದ ಕೆಳಗೆ ನಿಲ್ಲೋ ಗಾಡಿಗಳಲ್ಲಿ ಎಲೆಪುಡಿ, ಧೂಳು ಸೇರಿ ಅದು ಕಟ್ಟಿಕೊಳ್ಳುತ್ತೆ. ಸನ್‌ರೂಫ್ ತೆರೆದು ಚೌಕಟ್ಟಿನ ಮುಂದಿನ ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಹುಯ್ಯಿರಿ. ನೀರು ಗಾಡಿಯ ಅಡಿಯಿಂದ ನೆಲಕ್ಕೆ ಬೀಳದೆ ಅಲ್ಲೇ ನಿಂತರೆ ಪೈಪ್ ಕಟ್ಟಿದೆ. ಹುಲ್ಲು ಕತ್ತರಿಸೋ ಮೆಷಿನ್ನಿನ 2 ಮಿ.ಮೀ. ನೈಲಾನ್ ದಾರದ ತುದಿ ಸುಟ್ಟು ದುಂಡಗೆ ಮಾಡಿ, ಮೆಲ್ಲಗೆ ತಿರುಗಿಸುತ್ತಾ ಇಳಿಸಿ.

ಉತ್ತರ: ಪಂಕ್ಚರ್ ಅಂಗಡಿಯ ಗಾಳಿ ಮಾತ್ರ ಹೊಡೆಸಬೇಡಿ! ಪೈಪ್ ಜಾಯಿಂಟ್ ಕಳಚಿದರೆ ರೂಫ್ ಲೈನಿಂಗನ್ನೇ ಇಳಿಸಬೇಕಾಗುತ್ತೆ.

ಉತ್ತರ: ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಅದು ನೀರು ಹಿಡಿದಿರುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಕಂಟ್ರೋಲ್ ಮಾಡ್ಯೂಲ್ (ಗಾಡಿಯ ಎಲೆಕ್ಟ್ರಾನಿಕ್ಸ್ ನಡೆಸೋ ಪೆಟ್ಟಿಗೆ) ಸೀಟಿನಡಿಯೇ ಇರೋದು, ನೀರು ತಾಗಿದರೆ ಅದೂ ಕೆಡಬಹುದು.